ಒಂದು ವರ್ಷ, ಐದು ಭೇಟಿ: ಬದುಕಿನ ಒತ್ತಡ ಮತ್ತು ಚಿಕೂನ್‌ಗುನ್ಯಾ ಕುರಿತ ಅಧ್ಯಯನದಲ್ಲಿ ಪಾಲ್ಗೊಂಡ ಅನುಭವ

ಕಳೆದ ವಾರ ನನ್ನ ಐದನೆಯ ಹಾಗೂ ಕೊನೆಯ ಭೇಟಿ ಮುಗಿಯಿತು. ಸೊಳ್ಳೆಯಿಂದ ಹರಡುವ ವೈರಸ್ ಜ್ವರ ಬಂದವರಲ್ಲಿ, ಜ್ವರಕ್ಕೆ ಮೊದಲು ನಡೆದ ಕಷ್ಟದ ಘಟನೆಗಳಿಗೂ ಜ್ವರದ ನಂತರ ದೇಹ ಚೇತರಿಸಿಕೊಳ್ಳುವ ಬಗೆಗೂ ಸಂಬಂಧವಿದೆಯೇ ಎಂದು ತಿಳಿಯಲು ನಡೆಯುತ್ತಿರುವ ಒಂದು ಅಧ್ಯಯನದಲ್ಲಿ ನಾನು ಒಂದು ವರ್ಷ ಸ್ವಇಚ್ಛೆಯಿಂದ ಪಾಲ್ಗೊಂಡಿದ್ದೆ. ಸೇರುವಾಗ ಇಂಥದ್ದರ ಬಗ್ಗೆ ಪಾಲ್ಗೊಂಡವರೇ ಬರೆದ ಬರಹಕ್ಕಾಗಿ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಸಂಶೋಧಕರು ಬರೆದದ್ದೇ ಆಗಿತ್ತು. ಎಷ್ಟು ಕಾಯಬೇಕು, ಯಾವ ಕಾಗದ ಕೇಳುತ್ತಾರೆ, ಯಾವ ಪ್ರಶ್ನೆ ಮನಸ್ಸನ್ನು ಕಲಕುತ್ತದೆ ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಜ್ವರ ಬಂದಾಗ ನನ್ನ ಅಣ್ಣ ತೀರಿಕೊಂಡು ಒಂಬತ್ತು ವಾರಗಳಾಗಿದ್ದವು. ಅಣ್ಣ, ಅತ್ತಿಗೆ ಮತ್ತು ನಾನು ಒಂದೇ ಮನೆಯಲ್ಲಿದ್ದೆವು. ಹೃದಯಾಘಾತವಾದದ್ದರಿಂದ ಮನಸ್ಸು ಸಿದ್ಧವಾಗುವುದಕ್ಕೆ ಒಂದು ಗಂಟೆಯೂ ಸಿಕ್ಕಿರಲಿಲ್ಲ. ಆ ಒಂಬತ್ತು ವಾರಗಳಲ್ಲಿ ನಾವಿಬ್ಬರೂ ಊಟಕ್ಕೆ ಕುಳಿತೆವೋ ಇಲ್ಲವೋ, ಮಲಗಿದೆವೋ ಇಲ್ಲವೋ ಎಂಬುದರ ಲೆಕ್ಕವೇ ಇರಲಿಲ್ಲ. ಒಂದು ಸಂಜೆ ಚಳಿ ಹತ್ತಿ ಜ್ವರ ಏರಿತು. ಮರುದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಪಾದ ಊರಿದೊಡನೆ ಹರಡಿನ ಗಂಟುಗಳಲ್ಲಿ ಎದ್ದ ನೋವಿಗೆ ಮತ್ತೆ ಕುಳಿತುಬಿಟ್ಟೆ. ನಲ್ಲಿ ತಿರುಗಿಸಲು ಬೆರಳುಗಳು ಮಡಚಲಿಲ್ಲ. ಎರಡೂ ಅಂಗೈಗಳ ನಡುವೆ ನಲ್ಲಿಯ ತಿರುಪನ್ನು ಹಿಡಿದು ತಿರುಗಿಸಬೇಕಾಯಿತು.

ಮೂರನೆಯ ದಿನ ಹೊರಗೆ ಒಂದು ಪ್ರಯೋಗಾಲಯದಲ್ಲಿ ಮಾಡಿಸಿದ ಐಜಿಎಂ ಪರೀಕ್ಷೆ ನೆಗೆಟಿವ್ ಎಂದು ಬಂದಿತು. ಚಿಕೂನ್‌ಗುನ್ಯಾ ಅಲ್ಲ ಎಂದುಕೊಂಡು ಮನೆಗೆ ಬಂದೆ. ಐದನೆಯ ದಿನ ಬೇರೆ ಆಸ್ಪತ್ರೆಯ ವೈದ್ಯರು ಆ ವರದಿಯ ಮೇಲಿನ ದಿನಾಂಕ ನೋಡಿ, ಜ್ವರ ಯಾವತ್ತು ಶುರುವಾಯಿತು ಎಂದು ಕೇಳಿದರು. ಸೋಂಕಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಎಂಬ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಐದಾರು ದಿನ ಬೇಕು. ಅದಕ್ಕೆ ಮೊದಲು ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಬೇಕು, ಮೊದಲ ವಾರ ಕಳೆದರೆ ಆ ಪರೀಕ್ಷೆಯಿಂದಲೂ ಪ್ರಯೋಜನವಿಲ್ಲ ಎಂದು ವಿವರಿಸಿದರು. ಆ ದಿನದ ಆರ್‌ಟಿ-ಪಿಸಿಆರ್‌ನಲ್ಲಿ ಚಿಕೂನ್‌ಗುನ್ಯಾ ಖಚಿತವಾಯಿತು. ಡೆಂಗಿಗೂ ಅದೇ ರಕ್ತದಲ್ಲಿ ಎನ್‌ಎಸ್‌1 ಪರೀಕ್ಷೆ ಮಾಡಿದರು. ಡೆಂಗಿ ಇಲ್ಲವೆಂದು ತಿಳಿಯುವವರೆಗೆ ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯವಿದೆ ಎಂದು ಎಚ್ಚರಿಸಿದರು. ಇದನ್ನು ಓದುತ್ತಿರುವವರಿಗೆ ನನ್ನ ಮೊದಲ ಮಾತು ಇಷ್ಟೇ: ಜ್ವರ ಶುರುವಾದ ದಿನಾಂಕವನ್ನು, ಹೊತ್ತನ್ನೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಒಂದು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಅದೇ.

ಫಲಿತಾಂಶಕ್ಕಾಗಿ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅಧ್ಯಯನದ ಸಂಯೋಜಕಿ ಪಕ್ಕದಲ್ಲಿ ಬಂದು ಕುಳಿತರು. ಜ್ವರ ಶುರುವಾಗಿ ಏಳು ದಿನದೊಳಗಿರುವ ವಯಸ್ಕರನ್ನು ಸೇರಿಸಿಕೊಳ್ಳುತ್ತಿದ್ದೇವೆ, ಒಂದು ವರ್ಷದಲ್ಲಿ ಐದು ಭೇಟಿ, ಒಂದು ಬಾರಿ ಮನೆಗೂ ಬರುತ್ತೇವೆ ಎಂದರು. ನಾನು ತಕ್ಷಣ ಒಪ್ಪಿದ್ದಕ್ಕೆ ಕಾರಣ ತಪ್ಪಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಧ್ಯಯನಕ್ಕೆ ಸೇರಿದರೆ ಹೆಚ್ಚಿನ ಆರೈಕೆ ಸಿಗುತ್ತದೆ, ಬೇಗ ಗುಣವಾಗುತ್ತದೆ ಎಂದು ನಾನು ಭಾವಿಸಿದ್ದೆ. ಅವರು ಅದನ್ನು ಮುಖದಲ್ಲೇ ಓದಿದವರಂತೆ, "ಮೇಡಂ, ಇದರಲ್ಲಿ ಹೊಸ ಔಷಧಿ ಇಲ್ಲ. ನಾವು ನೋಡುತ್ತೇವೆ, ಅಳೆಯುತ್ತೇವೆ, ಬರೆದುಕೊಳ್ಳುತ್ತೇವೆ. ನಿಮ್ಮ ಚಿಕಿತ್ಸೆ ನಿಮ್ಮ ವೈದ್ಯರ ಬಳಿಯೇ ನಡೆಯುತ್ತದೆ. ಇವತ್ತೇ ಸಹಿ ಹಾಕಬೇಕಿಲ್ಲ, ಓದಿಕೊಂಡು ನಾಳೆ ಬನ್ನಿ" ಎಂದು ಹನ್ನೊಂದು ಪುಟಗಳ ಮಾಹಿತಿ ಪತ್ರವನ್ನು ಕೈಗಿತ್ತರು. ಚಿಕೂನ್‌ಗುನ್ಯಾಕ್ಕೆ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲವೆಂಬುದೂ ನನಗೆ ತಿಳಿದದ್ದು ಆಗಲೇ. ಚಿಕಿತ್ಸೆ ಮತ್ತು ಸಂಶೋಧನೆ ಒಂದೇ ಕಟ್ಟಡದಲ್ಲಿ, ಅದೇ ಬಿಳಿ ಕೋಟಿನವರ ಕೈಯಲ್ಲಿ ನಡೆಯುವಾಗ ಇವೆರಡರ ವ್ಯತ್ಯಾಸ ಕಾಯಿಲೆಯವರಿಗೆ ಕಾಣುವುದಿಲ್ಲ. ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಆ ರಾತ್ರಿ ಅತ್ತಿಗೆ ಮಾಹಿತಿ ಪತ್ರವನ್ನು ನನಗೆ ಓದಿ ಹೇಳಿದರು. ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ತೊಂದರೆಯಾಗದು, ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸುತ್ತಾರೆ, ನೈತಿಕ ಸಮಿತಿಯ ಅನುಮತಿ ಪಡೆಯಲಾಗಿದೆ ಎಂದೆಲ್ಲ ಅದರಲ್ಲಿತ್ತು. ಸಮ್ಮತಿ ಪತ್ರ ಎಂಬ ಈ ಪದ್ಧತಿಗೆ ಸೊಳ್ಳೆಯ ವೈರಸ್ಸಿನೊಂದಿಗೇ ಹಳೆಯ ನಂಟು ಇದೆಯೆಂದು ಸಂಯೋಜಕಿ ನಂತರ ಹೇಳಿದರು. ಹಳದಿ ಜ್ವರವನ್ನು ಹರಡುವುದು ಸೊಳ್ಳೆಯೇ ಎಂದು 1881ರಲ್ಲಿಯೇ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಹೇಳಿದ್ದನ್ನು ಪರೀಕ್ಷಿಸಲು 1900ರಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಕ್ಯೂಬಾದಲ್ಲಿ ಪ್ರಯೋಗ ನಡೆಸಿತು. ಸೊಳ್ಳೆಯಿಂದ ಕಚ್ಚಿಸಿಕೊಳ್ಳಲು ಒಪ್ಪಿದ ಸ್ಪೇನಿನ ವಲಸಿಗರಿಂದ ಲಿಖಿತ ಒಪ್ಪಂದಕ್ಕೆ ಸಹಿ ಪಡೆಯಲಾಯಿತು. ಅದಕ್ಕೆ ಪ್ರತಿಫಲ 100 ಡಾಲರ್ ಚಿನ್ನ, ಜ್ವರ ಬಂದರೆ ಇನ್ನೂ 100. ಆ ತಂಡದ ವೈದ್ಯರಾಗಿದ್ದ ಜೆಸ್ಸಿ ಲಜೀರ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡರು. ಇದನ್ನು ಕೇಳಿದ ಮೇಲೆ ಆ ಹನ್ನೊಂದು ಪುಟಗಳನ್ನು ನಾನು ಎರಡನೆಯ ಸಲ ಓದಿದೆ.

ಮರುದಿನ ಸಹಿ ಹಾಕುವಾಗ ಮೊದಲ ಅಡಚಣೆ ಎದುರಾಯಿತು. ತೋರುಬೆರಳಿನ ಗಿಣ್ಣು ಊದಿಕೊಂಡಿತ್ತು, ಪೆನ್ನು ಹಿಡಿದರೆ ಮಣಿಕಟ್ಟಿನವರೆಗೂ ಸೆಳೆತ. ಹಾಕಿದ ಸಹಿ ನನ್ನ ಗುರುತಿನ ಚೀಟಿಯಲ್ಲಿದ್ದ ಸಹಿಗೆ ಹೋಲುತ್ತಲೇ ಇರಲಿಲ್ಲ. ಮೂರು ಪ್ರತಿಗಳಲ್ಲಿ ಮೂರು ಬೇರೆ ಬೇರೆ ರೂಪ ತಳೆದಿತ್ತು. ದಾಖಲೆ ಪರಿಶೀಲಿಸುವವರು ಒಪ್ಪಲಿಲ್ಲ. ಕಡೆಗೆ ಹೆಬ್ಬೆಟ್ಟಿನ ಗುರುತು ಹಾಕಿ, ಅಧ್ಯಯನಕ್ಕೆ ಸೇರದ ಒಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕೆಂದು ತೀರ್ಮಾನವಾಯಿತು. ಅತ್ತಿಗೆ ಅಂದು ಜೊತೆಗೆ ಬಂದಿರಲಿಲ್ಲವಾದ್ದರಿಂದ ಅವರು ಬರುವವರೆಗೆ ಎರಡೂವರೆ ಗಂಟೆ ಕಾದೆ. ಹದಿನೈದನೆಯ ವಯಸ್ಸಿನಿಂದ ಹಾಕಿಕೊಂಡು ಬಂದ ಸಹಿ ಕೈಗೆ ಬಾರದೆ, ಶಾಯಿಯ ಮೆತ್ತೆಗೆ ಹೆಬ್ಬೆಟ್ಟು ಒತ್ತುವಾಗ ಕಣ್ಣು ತುಂಬಿತು. ಈ ಜ್ವರ ಬಂದವರು ಸಮ್ಮತಿಯ ದಿನ ಮನೆಯವರೊಬ್ಬರನ್ನು ಕರೆದುಕೊಂಡೇ ಹೋಗಿ. ಗುರುತಿನ ಚೀಟಿ, ಜ್ವರದ ದಿನಗಳಲ್ಲಿ ಮಾಡಿಸಿದ ಎಲ್ಲ ಪರೀಕ್ಷೆಗಳ ಮೂಲ ವರದಿ, ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಯ್ಯಿರಿ. ಮಾತ್ರೆಯ ಹೆಸರು ನೆನಪಿನಿಂದ ಹೇಳಿದರೆ ಬರೆದುಕೊಳ್ಳುವುದಿಲ್ಲ.

ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ. ಸುಮಾರು ಎರಡು ಟೀ ಚಮಚದಷ್ಟು ರಕ್ತ, ಮೂರು ನಳಿಕೆಗಳಲ್ಲಿ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಕಷ್ಟವಾದದ್ದು ಪ್ರಶ್ನಾವಳಿ. ಬದುಕಿನ ಘಟನೆಗಳ ಪಟ್ಟಿಯನ್ನು 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ರೂಪಿಸಿದರಂತೆ. ಅದರಲ್ಲಿ 43 ಘಟನೆಗಳಿವೆ, ಪ್ರತಿಯೊಂದಕ್ಕೂ ಅಂಕವಿದೆ. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಹತ್ತಿರದ ಕುಟುಂಬ ಸದಸ್ಯರ ಸಾವಿಗೆ 63, ಸ್ವಂತ ಗಾಯ ಅಥವಾ ಕಾಯಿಲೆಗೆ 53, ಕೆಲಸ ಕಳೆದುಕೊಂಡರೆ 47. ಮದುವೆಗೂ 50 ಅಂಕ ಇರುವುದನ್ನು ಕಂಡು ಆಶ್ಚರ್ಯಪಟ್ಟೆ. ಸಂತೋಷದ್ದಾಗಲಿ ದುಃಖದ್ದಾಗಲಿ, ಹೊಸ ಸ್ಥಿತಿಗೆ ಹೊಂದಿಕೊಳ್ಳಲು ದೇಹ ಮನಸ್ಸುಗಳಿಗೆ ಬೀಳುವ ಶ್ರಮವನ್ನು ಆ ಅಂಕ ಸೂಚಿಸುತ್ತದೆ ಎಂದು ಸಂದರ್ಶಕಿ ವಿವರಿಸಿದರು. ಅದು ಸರಿಯೇ. ಆದರೂ ಕಳೆದ ಹನ್ನೆರಡು ತಿಂಗಳಲ್ಲಿ ಹತ್ತಿರದ ಕುಟುಂಬ ಸದಸ್ಯರು ತೀರಿಕೊಂಡಿದ್ದಾರೆಯೇ ಎಂಬ ಸಾಲಿನ ಮುಂದೆ ಅರ್ಧ ಬೆರಳು ಅಗಲದ ಚೌಕವಿತ್ತು. ಅದರೊಳಗೆ ಗುರುತು ಹಾಕಿ, ಪಕ್ಕದಲ್ಲಿ ತಿಂಗಳು ಬರೆಯಬೇಕು. ಗುರುತು ಹಾಕಿದೆ. ತಿಂಗಳು ಬರೆಯಲು ಬಹಳ ಹೊತ್ತು ಹಿಡಿಯಿತು. ಸಂದರ್ಶಕಿ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತರು. ಆ ಮೌನಕ್ಕೆ ನಾನು ಇಂದಿಗೂ ಋಣಿ.

ಅದೇ ಘಟನೆಯನ್ನು ಯಾವ ತಿಂಗಳು, ಯಾವ ವಾರ, ಎಷ್ಟು ದಿನ ನಿದ್ದೆ ಕೆಟ್ಟಿತು ಎಂದು ಮೂರು ಬಗೆಯಲ್ಲಿ ಏಕೆ ಕೇಳುತ್ತಾರೆ ಎಂದು ನಾನು ಸ್ವಲ್ಪ ಬೇಸರದಿಂದಲೇ ಕೇಳಿದೆ. ಕಾಯಿಲೆ ಬಿದ್ದವರು ಕಾರಣ ಹುಡುಕುತ್ತಾ ಹಿಂದಿನ ಕಷ್ಟಗಳನ್ನು ಆರೋಗ್ಯವಂತರಿಗಿಂತ ಹೆಚ್ಚಾಗಿ ನೆನಪಿಸಿಕೊಳ್ಳುತ್ತಾರೆ, ಹಾಗಾಗಿ ನೆನಪನ್ನೊಂದನ್ನೇ ನಂಬಿದರೆ ಒತ್ತಡಕ್ಕೂ ಕಾಯಿಲೆಗೂ ಇಲ್ಲದ ಸಂಬಂಧ ಕಾಣಿಸಿಬಿಡಬಹುದು ಎಂಬುದು ಉತ್ತರವಾಗಿತ್ತು. ಅದನ್ನು ಕೇಳಿದ ಮೇಲೆ ಬೇಸರ ಹೋಯಿತು. ಇನ್ನೊಂದು ಹತ್ತು ಪ್ರಶ್ನೆಗಳ ಪಟ್ಟಿ ಪ್ರತಿ ಭೇಟಿಯಲ್ಲೂ ಇತ್ತು: ಕಳೆದ ಒಂದು ತಿಂಗಳಲ್ಲಿ ಮುಖ್ಯ ಸಂಗತಿಗಳು ಕೈಮೀರಿದವು ಎಂದು ಎಷ್ಟು ಸಲ ಅನಿಸಿತು ಎಂಬಂಥವು, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 1983ರಲ್ಲಿ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು ಪ್ರಕಟಿಸಿದ ಒತ್ತಡದ ಅಳತೆಗೋಲಿನ ಕಿರು ರೂಪ ಅದು. ಅದರಲ್ಲಿ ನಾಲ್ಕು ಪ್ರಶ್ನೆಗಳು ತಿರುವುಮುರುವಾಗಿರುತ್ತವೆ, ಅಂದರೆ "ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಅನಿಸಿತೇ" ಎಂದು ಕೇಳುತ್ತವೆ. ಆತುರದಲ್ಲಿ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಗುರುತು ಹಾಕಿಕೊಂಡು ಹೋದರೆ ಉತ್ತರ ತಲೆಕೆಳಗಾಗುತ್ತದೆ. ಎರಡನೆಯ ಭೇಟಿಯಲ್ಲಿ ನಾನು ಹಾಗೆಯೇ ಮಾಡಿ ಇಡೀ ಹಾಳೆಯನ್ನು ಮತ್ತೆ ತುಂಬಬೇಕಾಯಿತು.

ಖಿನ್ನತೆಯ ಪ್ರಶ್ನೆಗಳ ಕೊನೆಯಲ್ಲಿ, ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಅನಿಸಿದೆಯೇ ಎಂಬ ಒಂದು ಪ್ರಶ್ನೆ ಇತ್ತು. ನಾನು "ಕೆಲವು ದಿನ" ಎಂಬುದಕ್ಕೆ ಗುರುತು ಹಾಕಿದೆ. ಸಂದರ್ಶಕಿ ಉಳಿದ ಹಾಳೆಗಳನ್ನು ಮುಚ್ಚಿ, ಆ ದಿನವೇ ಆಪ್ತಸಮಾಲೋಚಕರೊಂದಿಗೆ ಮಾತನಾಡಿಸದೆ ಕಳುಹಿಸುವಂತಿಲ್ಲ ಎಂದರು. ಮೊದಲಿಗೆ ಗಾಬರಿಯಾಯಿತು, ಗುಟ್ಟು ರಟ್ಟಾಯಿತೆಂಬ ಕೋಪವೂ ಬಂತು. ಗೋಪ್ಯತೆಗೆ ಇರುವ ಈ ಒಂದು ಮಿತಿಯನ್ನು ಮಾಹಿತಿ ಪತ್ರದ ಎಂಟನೆಯ ಪುಟದಲ್ಲಿ ಬರೆದಿದ್ದರು, ನಾನು ಗಮನಿಸಿರಲಿಲ್ಲ. ಆದರೆ ಆ ಮುಕ್ಕಾಲು ಗಂಟೆಯಲ್ಲಿ, ಅಣ್ಣ ಹೋದ ಮೇಲೆ ಮೊದಲ ಬಾರಿಗೆ, ಅತ್ತಿಗೆಯ ಮುಂದೆ ಆಡಲಾಗದ ಮಾತುಗಳನ್ನು ಆಡಿದೆ. ಆ ಪ್ರಶ್ನೆಗೆ ದಯವಿಟ್ಟು ಸುಳ್ಳು ಉತ್ತರ ಕೊಡಬೇಡಿ. ಹಾಗೆ ಅನಿಸುತ್ತಿದ್ದರೆ ಅಧ್ಯಯನದ ದಿನಕ್ಕಾಗಿಯೂ ಕಾಯಬೇಡಿ, ಹತ್ತಿರದವರಿಗೋ ವೈದ್ಯರಿಗೋ ಇವತ್ತೇ ಹೇಳಿ.

ಮೊದಲ ಭೇಟಿಯ ಕೊನೆಗೆ ಜೊಲ್ಲಿನ ಮಾದರಿಗಾಗಿ ಆರು ನಳಿಕೆಗಳ ಚೀಲವೊಂದನ್ನು ಕೊಟ್ಟರು. ಪ್ರತಿ ನಳಿಕೆಯಲ್ಲೂ ಕಿರುಬೆರಳಿನ ಗಾತ್ರದ ಹತ್ತಿಯ ಸುರುಳಿ. ಎಚ್ಚರವಾದ ಕ್ಷಣದಲ್ಲಿ ಒಂದು, ಅರ್ಧ ಗಂಟೆಯ ನಂತರ ಇನ್ನೊಂದು, ಮಲಗುವ ಮುನ್ನ ಮತ್ತೊಂದು, ಹೀಗೆ ಎರಡು ದಿನ. ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಎಂಬ ಹಾರ್ಮೋನು ಎಚ್ಚರವಾದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ, ದಿನವಿಡೀ ಇಳಿಯುತ್ತಾ ರಾತ್ರಿಗೆ ತೀರಾ ಕಡಿಮೆಯಾಗುತ್ತದೆ. ಈ ಏರಿಳಿತದ ರೂಪವೇ ಅವರಿಗೆ ಬೇಕಾದದ್ದು. ಹಲ್ಲುಜ್ಜುವಂತಿಲ್ಲ, ಏನೂ ಕುಡಿಯುವಂತಿಲ್ಲ. ಕತ್ತಲಲ್ಲೇ ಆ ಒಣ ಹತ್ತಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡು, ಅದು ನೆನೆಯುವವರೆಗೆ ಎರಡು ನಿಮಿಷ ಗಡಿಯಾರ ನೋಡುತ್ತಾ ಕುಳಿತಿರಬೇಕು. ನಳಿಕೆಯ ಮುಚ್ಚಳ ತೆರೆಯಲು ನನ್ನ ಬೆರಳುಗಳಿಗೆ ಬಲವಿರಲಿಲ್ಲವಾದ್ದರಿಂದ ರಾತ್ರಿಯೇ ಅತ್ತಿಗೆ ಅವುಗಳನ್ನು ಸಡಿಲಿಸಿಡುತ್ತಿದ್ದರು. ಮೊದಲ ದಿನ ಎಚ್ಚರವಾಗಿ ಇಪ್ಪತ್ತು ನಿಮಿಷ ಮಲಗಿಯೇ ಇದ್ದು ಆಮೇಲೆ ಮಾದರಿ ತೆಗೆದೆ. ಹಾಗೆ ಮಾಡಿದರೆ ಏರಿಕೆಯ ಆರಂಭ ತಪ್ಪಿಹೋಗುತ್ತದೆ. ನಿಜವಾದ ಹೊತ್ತನ್ನೇ ಚೀಟಿಯಲ್ಲಿ ಬರೆದದ್ದರಿಂದ ಆ ದಿನವನ್ನು ಬಿಟ್ಟು ಮತ್ತೊಂದು ದಿನ ಮಾಡಿಸಿದರು. ತಪ್ಪಾದರೆ ತಪ್ಪಾಯಿತೆಂದೇ ಬರೆಯಿರಿ. ಸರಿಪಡಿಸಿ ಬರೆದ ಹೊತ್ತು ಯಾರ ಉಪಯೋಗಕ್ಕೂ ಬಾರದು.

ಕೂದಲನ್ನೂ ತೆಗೆದುಕೊಳ್ಳುತ್ತಾರೆ. ತಲೆಯ ಹಿಂಭಾಗದಲ್ಲಿ, ಮೇಲಿನ ಕೂದಲು ಮುಚ್ಚುವಂಥ ಜಾಗದಿಂದ, ನೆತ್ತಿಯ ಚರ್ಮಕ್ಕೆ ಹತ್ತಿ ಕತ್ತರಿಸುತ್ತಾರೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ ಬುಡದ 3 ಸೆಂಟಿಮೀಟರ್‌ನಲ್ಲಿ ಹಿಂದಿನ ಮೂರು ತಿಂಗಳ ಕಾರ್ಟಿಸಾಲ್ ಸೇರಿಕೊಂಡಿರುತ್ತದೆ. ಲೆಕ್ಕ ಹಾಕಿ ನೋಡಿದೆ: ಅಣ್ಣ ಇದ್ದ ದಿನಗಳೂ ಅಣ್ಣ ಇಲ್ಲದ ದಿನಗಳೂ ಆ ಮೂರು ಸೆಂಟಿಮೀಟರ್‌ನೊಳಗೇ ಇದ್ದವು. ಅವರು ಅದನ್ನು ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿ, ಬುಡ ಯಾವ ಕಡೆಗಿದೆ ಎಂದು ಬಾಣದ ಗುರುತು ಬರೆದರು.

ಮೂರನೆಯ ವಾರ ಕ್ಷೇತ್ರ ಕಾರ್ಯಕರ್ತೆಯೊಬ್ಬರು ಮನೆಗೆ ಬಂದರು. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಈ ಮೂರನ್ನೂ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದ್ದು, ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುವಂಥದ್ದು. ಅವರು ಟಾರ್ಚು ಹಿಡಿದು ನೀರಿನ ತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲವನ್ನೂ ನೋಡಿ, ಕೊನೆಗೆ ಬಾಲ್ಕನಿಗೆ ಹೋದರು. ಅಲ್ಲಿ ಅಣ್ಣನ ಗಿಡಗಳಿದ್ದವು. ಹದಿನಾಲ್ಕು ಕುಂಡಗಳು, ಪ್ರತಿಯೊಂದರ ಕೆಳಗೂ ಒಂದು ತಟ್ಟೆ. ಒಂದು ತಟ್ಟೆಯ ಮೇಲೆ ಟಾರ್ಚಿನ ಬೆಳಕು ಬಿದ್ದ ಕೂಡಲೇ ನೀರಿನಲ್ಲಿ ಕೂದಲೆಳೆಯ ತುಂಡುಗಳಂಥವು ಕೊಂಕುತ್ತಾ ತಳಕ್ಕೆ ಇಳಿದವು. ಸೊಳ್ಳೆಯ ಮರಿಹುಳುಗಳು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತಟ್ಟೆಯ ಒಳಗೋಡೆಗೆ ಮಸಿಯ ಚುಕ್ಕಿಗಳಂತೆ ಮೊಟ್ಟೆಗಳು ಅಂಟಿಕೊಂಡಿದ್ದವು. ಬರೀ ನೀರು ಚೆಲ್ಲಿದರೆ ಸಾಲದು, ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಬದುಕಿದ್ದು ನೀರು ತಾಗಿದೊಡನೆ ಒಡೆಯುತ್ತವೆ, ಉಜ್ಜಿ ತೊಳೆಯಬೇಕು ಎಂದು ಹೇಳುತ್ತಾ ಅವರು ಒಂದು ತಟ್ಟೆಯನ್ನು ಉಜ್ಜಿ ತೋರಿಸಿದರು.

ಅಣ್ಣ ಪ್ರತಿ ಭಾನುವಾರ ಬೆಳಗ್ಗೆ ಆ ಹದಿನಾಲ್ಕು ತಟ್ಟೆಗಳನ್ನೂ ಬಗ್ಗಿಸಿ ತೊಳೆಯುತ್ತಿದ್ದರು. ಅವರು ಹೋದ ಮೇಲೆ ಅತ್ತಿಗೆ ಗಿಡಗಳು ಒಣಗಬಾರದೆಂದು ನೀರು ಹಾಕುತ್ತಿದ್ದರು, ನಾನೂ ಹಾಕುತ್ತಿದ್ದೆ. ತಟ್ಟೆ ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಒಂಬತ್ತು ವಾರ ಎಂದರೆ ಎಷ್ಟು ಸೊಳ್ಳೆ ಎಂದು ನಾನು ಅಲ್ಲೇ ಕುಸಿದು ಕುಳಿತೆ. ಕಾರ್ಯಕರ್ತೆ ಪಕ್ಕದಲ್ಲಿ ಕುಳಿತು, "ಈ ತಟ್ಟೆಯ ಸೊಳ್ಳೆಯೇ ನಿಮಗೆ ಜ್ವರ ತಂದಿತು ಎಂದು ಯಾರೂ ಹೇಳಲಾರರು ಮೇಡಂ. ಅದು ಮೊದಲು ಜ್ವರ ಇದ್ದವರನ್ನು ಕಚ್ಚಬೇಕು, ಆ ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನವರೆಗೆ ಬರಲು ಕೆಲವು ದಿನ ಬೇಕು, ಆಮೇಲೆ ನಿಮ್ಮನ್ನು ಕಚ್ಚಬೇಕು. ಎಲ್ಲಿಯದೋ ಸೊಳ್ಳೆ ಇರಬಹುದು" ಎಂದರು. ಮಾತು ನಿಜವೇ. ಆದರೂ ಒತ್ತಡದಿಂದ ಆರೋಗ್ಯ ಕೆಡುವುದು ಎಂದರೆ ಹಾರ್ಮೋನು, ಬಿಳಿರಕ್ತಕಣ ಎಂದು ನಾನು ಯೋಚಿಸುತ್ತಿದ್ದಾಗ, ಅದು ಬಗ್ಗಿಸದೆ ಬಿಟ್ಟ ತಟ್ಟೆಯ ದಾರಿಯಲ್ಲೂ ಬರುತ್ತದೆ ಎಂಬುದು ಕಣ್ಣೆದುರಿಗೆ ಇತ್ತು. ಇದನ್ನು ಬರೆಯಲು ಅವರ ನಮೂನೆಯಲ್ಲಿ ಚೌಕವಿರಲಿಲ್ಲ. ನಾನು ಹೇಳಿದ್ದನ್ನು ಅವರು "ಇತರೆ" ಎಂಬಲ್ಲಿ ಬರೆದುಕೊಂಡರು, ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದರು.

ಎರಡನೆಯ ಭೇಟಿಯ ರಕ್ತ, ಸಾಗಿಸುವಾಗ ಕೆಂಪು ಕಣಗಳು ಒಡೆದು ಹಾಳಾಯಿತೆಂದು ಮತ್ತೊಮ್ಮೆ ಕರೆಸಿದರು. ಇಂಥದ್ದು ಆಗುತ್ತದೆ, ಆದರೆ ಇನ್ನೊಂದು ಅರ್ಧ ದಿನದ ರಜೆ ಹೋಯಿತು. ಜ್ವರದ ದಿನಗಳ ರಕ್ತ ಮತ್ತು ಎರಡು ವಾರದ ನಂತರದ ರಕ್ತ ಎರಡನ್ನೂ ಒಟ್ಟಿಗೆ ಪರೀಕ್ಷಿಸಿ, ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದೆಯೇ ಎಂದು ನೋಡುವುದರಿಂದ ಈ ಮಾದರಿಯನ್ನು ತಪ್ಪಿಸುವಂತಿಲ್ಲ. ಈ ಹಂತದಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ತಿಳಿಯಿತು: ನನ್ನ ರಕ್ತದಲ್ಲಿ ಡೆಂಗಿಯ ಐಜಿಜಿ ಪ್ರತಿಕಾಯವೂ, ಅಂದರೆ ಹಿಂದಿನ ಸೋಂಕಿನ ಕುರುಹಾಗಿ ಉಳಿಯುವ ಪ್ರತಿಕಾಯವೂ ಇತ್ತು. ನನಗೆ ಡೆಂಗಿ ಬಂದದ್ದೇ ಗೊತ್ತಿಲ್ಲ ಎಂದೆ. ಡೆಂಗಿ ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 39 ಕೋಟಿ ಸೋಂಕುಗಳಾದರೆ, ಲಕ್ಷಣ ಕಾಣಿಸಿಕೊಳ್ಳುವುದು ಸುಮಾರು 9.6 ಕೋಟಿಯಲ್ಲಿ ಮಾತ್ರ. ಆದರೆ ಡೆಂಗಿಯ ಪ್ರತಿಕಾಯ ಪರೀಕ್ಷೆ ಝೀಕಾ, ಜಪಾನೀಸ್ ಎನ್ಸೆಫಲೈಟಿಸ್‌ನಂಥ ಅದರ ಬಳಗದ ವೈರಸ್‌ಗಳ ಪ್ರತಿಕಾಯಕ್ಕೂ ಸ್ಪಂದಿಸುವುದರಿಂದ, ಜೀವಂತ ವೈರಸ್ಸನ್ನು ನನ್ನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಜೊತೆ ಬೆರೆಸಿ, ಅದು ಜೀವಕೋಶಗಳ ಪದರದಲ್ಲಿ ಎಷ್ಟು ರಂಧ್ರ ಮಾಡುತ್ತದೆ ಎಂದು ಎಣಿಸುವ ಇನ್ನೊಂದು ಪರೀಕ್ಷೆಗೆ ಕಳುಹಿಸಿದರು. ಅದರ ಫಲಿತಾಂಶಕ್ಕೆ ಏಳು ವಾರ ಕಾದೆ. ಹಿಂದೆ ಡೆಂಗಿ ಬಂದಿದ್ದು ನಿಜವೆಂದು ಖಚಿತವಾಯಿತು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ, ಎರಡನೆಯ ಸಲ ಬೇರೆ ಬಗೆಯದು ತಗಲಿದರೆ ತೀವ್ರವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಮುಂದೆ ಯಾವ ಜ್ವರ ಬಂದರೂ ಈ ಮಾತನ್ನು ವೈದ್ಯರಿಗೆ ಮೊದಲು ಹೇಳಬೇಕೆಂದು ಸೂಚಿಸಿದರು. ಎಲ್ಲ ಅಧ್ಯಯನಗಳಲ್ಲೂ ವೈಯಕ್ತಿಕ ಫಲಿತಾಂಶ ಕೊಡುವುದಿಲ್ಲ. ಕೊಡುತ್ತಾರೆಯೇ, ಯಾವುದನ್ನು, ಎಷ್ಟು ದಿನದಲ್ಲಿ ಎಂಬುದನ್ನು ಸಹಿಗೆ ಮೊದಲೇ ಕೇಳಿ.

ಖರ್ಚಿನ ವಿಷಯ. ಪರೀಕ್ಷೆಗಳಿಗೆ ನಾನು ಏನೂ ಕೊಡಬೇಕಿರಲಿಲ್ಲ. ಪ್ರಯಾಣದ ವೆಚ್ಚ ಕೊಡುತ್ತಾರೆ, ಆದರೆ ರಸೀದಿ ಇದ್ದರೆ ಮಾತ್ರ, ಅದೂ ಮುಂದಿನ ಭೇಟಿಯಲ್ಲಿ. ಮೊದಲ ಎರಡು ಬಾರಿಯ ರಸೀದಿ ಇಟ್ಟುಕೊಳ್ಳದೆ ಕಳೆದುಕೊಂಡೆ. ಭೇಟಿಯ ದಿನ ಕೆಲಸಕ್ಕೆ ಹೋಗಲಾಗದ ಸಂಬಳಕ್ಕೆ ಪರಿಹಾರವಿಲ್ಲ. ಹಾಜರಾತಿ ಪತ್ರ ಕೊಡುತ್ತಾರೆ, ಅದರ ಮೇಲೆ ಕಾಯಿಲೆಯ ಹೆಸರು ಬರೆಯಬೇಡಿ ಎಂದರೆ ಬರೆಯುವುದಿಲ್ಲ. ಅತ್ತಿಗೆ ಕಳೆದುಕೊಂಡ ದಿನಗಳ ಲೆಕ್ಕ ಎಲ್ಲೂ ಇಲ್ಲ.

ಮೂರನೆಯ ತಿಂಗಳಿನಲ್ಲೂ ಬೆಳಗಿನ ಹೊತ್ತು ಕೈ ಬಿಗಿದುಕೊಳ್ಳುತ್ತಿತ್ತು. ಚಿಕೂನ್‌ಗುನ್ಯಾ ಎಂಬುದು ಮಕೊಂಡೆ ಭಾಷೆಯ ಪದ, ನೋವಿನಿಂದ ಬಾಗಿದವರನ್ನು ಸೂಚಿಸುತ್ತದೆ. ಈಗಿನ ತಾಂಜಾನಿಯಾದ ಮಕೊಂಡೆ ಪ್ರಸ್ಥಭೂಮಿಯಲ್ಲಿ 1952ರಲ್ಲಿ ಕಾಣಿಸಿಕೊಂಡ ಜ್ವರಕ್ಕೆ ಆ ಜನರೇ ಇಟ್ಟ ಹೆಸರು. ನೋವು ತಾಳಲಾರದೆ ನಾಲ್ಕನೆಯ ತಿಂಗಳಲ್ಲಿ ವೈದ್ಯರೊಬ್ಬರು ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಗಳನ್ನು ಎರಡು ವಾರ ನುಂಗಿದೆ, ಅದನ್ನು ಅಧ್ಯಯನದವರಿಗೆ ತಿಳಿಸಬೇಕೆಂದು ಹೊಳೆಯಲಿಲ್ಲ. ಆರನೆಯ ತಿಂಗಳ ಭೇಟಿಯಲ್ಲಿ ಮಾತ್ರೆಯ ಪಟ್ಟಿ ನೋಡಿದಾಗ ಅವರ ಮುಖ ಬಾಡಿತು. ಸ್ಟೀರಾಯ್ಡ್ ದೇಹದ ಸ್ವಂತ ಕಾರ್ಟಿಸಾಲ್ ಉತ್ಪತ್ತಿಯನ್ನು ತಗ್ಗಿಸುತ್ತದೆ, ಕೆಲವು ಪರೀಕ್ಷೆಗಳಲ್ಲಿ ಕಾರ್ಟಿಸಾಲ್‌ನಂತೆಯೇ ಕಾಣಿಸಿಕೊಳ್ಳುತ್ತದೆ. ಆ ಭೇಟಿಯ ಕೂದಲನ್ನು ಲೆಕ್ಕದಿಂದ ಬೇರೆಯಿಟ್ಟರು. ನನ್ನನ್ನು ಯಾರೂ ಬೈಯಲಿಲ್ಲ. ನೋವಿಗೆ ಔಷಧಿ ತೆಗೆದುಕೊಳ್ಳುವುದು ನಿಮ್ಮ ಹಕ್ಕು, ನಮಗೆ ಒಂದು ಫೋನ್ ಮಾಡಿ ಸಾಕು ಎಂದರು. ಮಾತ್ರೆ ಮಾತ್ರವಲ್ಲ, ಉಬ್ಬಸದ ಇನ್ಹೇಲರ್, ಚರ್ಮದ ಮುಲಾಮು, ಕೀಲಿಗೆ ಕೊಡುವ ಚುಚ್ಚುಮದ್ದು ಇವುಗಳಲ್ಲೂ ಸ್ಟೀರಾಯ್ಡ್ ಇರಬಹುದು. ಎಲ್ಲವನ್ನೂ ತಿಳಿಸಿ.

ಅಣ್ಣನ ಸಾವೇ ನನ್ನ ನೋವನ್ನು ಇಷ್ಟು ದಿನ ಉಳಿಸಿತೇ ಎಂದು ನಾನು ಅಧ್ಯಯನದ ಮುಖ್ಯಸ್ಥರನ್ನೇ ಒಮ್ಮೆ ಕೇಳಿದೆ. ಅವರು ಸುಲಭದ ಉತ್ತರ ಕೊಡಲಿಲ್ಲ. 1991ರಲ್ಲಿ ಶೆಲ್ಡನ್ ಕೊಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ನೆಗಡಿ ತರುವ ವೈರಸ್ ಹನಿ ಹಾಕಿ, ಒತ್ತಡದ ಅಂಕ ಏರಿದಂತೆ ಸೋಂಕು ತಗಲುವವರ ಪ್ರಮಾಣವೂ ಏರುವುದನ್ನು ತೋರಿಸಿತು. 1995ರಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರಲ್ಲಿ ಒಂದು ಸಣ್ಣ ಗಾಯ ಮಾಯಲು ಇತರರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿದದ್ದನ್ನು ಕಂಡಿತು. ಆದರೆ ನೆಗಡಿಯಲ್ಲಿ, ಗಾಯದಲ್ಲಿ ಕಂಡದ್ದನ್ನು ಸೊಳ್ಳೆಯ ವೈರಸ್ಸಿಗೆ ಹಾಗೆಯೇ ಹೊಂದಿಸಲಾಗದು. ಮೇಲಾಗಿ, ತಿಂಗಳುಗಟ್ಟಲೆ ಬಿಡದ ಕೀಲು ನೋವೇ ಒತ್ತಡವನ್ನು ಹುಟ್ಟಿಸುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಬಿಡಿಸಲು ಒಂದೇ ವ್ಯಕ್ತಿಯನ್ನು ಮತ್ತೆ ಮತ್ತೆ ಅಳೆಯಬೇಕು, ಅದಕ್ಕೇ ಐದು ಭೇಟಿ ಎಂದರು. ನನ್ನೊಬ್ಬಳ ವಿಷಯದಲ್ಲಿ ಉತ್ತರ ಎಂದಿಗೂ ಸಿಗುವುದಿಲ್ಲ, ನನ್ನಂಥ ನೂರಾರು ಜನರನ್ನು ಸೇರಿಸಿದರೆ ಸಿಗಬಹುದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾಯಿತು.

ಹನ್ನೆರಡನೆಯ ತಿಂಗಳ ಭೇಟಿಗೆ ನಾನೊಬ್ಬಳೇ ಹೋದೆ. ರಕ್ತ, ಕೂದಲು, ಪ್ರಶ್ನೆಗಳು, ಎಲ್ಲವೂ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಘಟನೆಗಳ ಪಟ್ಟಿಯಲ್ಲಿ ಹನ್ನೆರಡು ತಿಂಗಳ ಅವಧಿ ದಾಟಿದ್ದರಿಂದ ಆ ಚೌಕವನ್ನು ಈ ಸಲ ಖಾಲಿ ಬಿಡಬೇಕೆಂದು ಸಂದರ್ಶಕಿ ಮೆಲ್ಲನೆ ಹೇಳಿದರು. ಖಾಲಿ ಬಿಟ್ಟೆ. ಕೊನೆಯಲ್ಲಿ ಒಂದು ಪ್ರತ್ಯೇಕ ಪತ್ರವಿತ್ತು: ಉಳಿದ ಮಾದರಿಗಳನ್ನು ಮುಂದಿನ ಸಂಶೋಧನೆಗಳಿಗಾಗಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದೇ ಎಂದು. ಇದಕ್ಕೆ ಬೇಡವೆಂದರೂ ಮುಖ್ಯ ಅಧ್ಯಯನಕ್ಕೆ ತೊಂದರೆಯಿಲ್ಲ, ರಕ್ತಕ್ಕೆ ಒಂದು ಉತ್ತರ ವಂಶವಾಹಿ ಪರೀಕ್ಷೆಗೆ ಬೇರೊಂದು ಉತ್ತರ ಕೊಡಬಹುದು, ನಂತರ ಮನಸ್ಸು ಬದಲಾದರೆ ಸಂಕೇತ ಸಂಖ್ಯೆ ಹೇಳಿ ನಾಶಪಡಿಸಲೂ ಕೇಳಬಹುದು. ಆ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದುಕೊಳ್ಳಿ, ಸಂಕೇತ ಸಂಖ್ಯೆ ಅದರ ಮೇಲೆ ಮಾತ್ರ ಇರುತ್ತದೆ. ನಾನು ಸೀರಂಗೆ ಹೌದು ಎಂದೆ, ವಂಶವಾಹಿ ಪರೀಕ್ಷೆಗೆ ಬೇಡವೆಂದೆ. ಸಹಿ ಹಾಕಿದಾಗ ದಾಖಲೆ ಪರಿಶೀಲಿಸುವವರು ಅದನ್ನು ಗುರುತಿನ ಚೀಟಿಯ ಪಕ್ಕದಲ್ಲಿಟ್ಟು ನೋಡಿದರು. ಕೊನೆಯ ಅಕ್ಷರದ ಬಾಲ ಇನ್ನೂ ಸ್ವಲ್ಪ ನಡುಗುತ್ತದೆ. ಸಾಕ್ಷಿ ಬೇಡವೆಂದು ಮುದ್ರೆ ಒತ್ತಿದರು.